ನೂರಮೂವತ್ತು ಟ್ಯಾಂಕರ್, ಒಂಬತ್ತು ಟ್ಯಾಂಕರ್

ಮೂವತ್ತು–ನಲವತ್ತರ ಸೈಟು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಅಳತೆ. ಅದನ್ನೇ ಮಳೆ ಅಳೆಯುವ ಪಾತ್ರೆ ಮಾಡಿಕೊಳ್ಳೋಣ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಸೈಟಿನ ವಿಸ್ತೀರ್ಣ 111 ಚದರ ಮೀಟರ್ ಚಿಲ್ಲರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. 7,000 ಎಂದೇ ಹಿಡಿದರೂ ಆ ಒಂದು ಸೈಟಿನ ಮೇಲೆ ಬೀಳುವ ನೀರು 7 ಲಕ್ಷದ 80 ಸಾವಿರ ಲೀಟರ್. ಬೇಸಿಗೆಯಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಓಡಾಡುತ್ತವಲ್ಲ, 6,000 ಲೀಟರಿನ ಟ್ಯಾಂಕರ್‌ಗಳು, ಅಂಥವು 130 ಬೇಕು ಅಷ್ಟು ನೀರು ಹೊರಲು. ಅದೇ ಸೈಟನ್ನು ಚಾಪೆಯಂತೆ ಸುತ್ತಿ ಒಯ್ದು ಚಳ್ಳಕೆರೆಯಲ್ಲಿ ಹಾಸಿ. ಅಲ್ಲಿನ ಮಳೆ ವರ್ಷಕ್ಕೆ 500 ಮಿ.ಮೀ. ಆಸುಪಾಸು. ಒಂಬತ್ತು ಟ್ಯಾಂಕರ್ ಬಂದು ಸುರಿದು ಹೋದರೆ ವರ್ಷದ ಲೆಕ್ಕ ಮುಗಿಯಿತು.

ಈ ಎರಡು ಊರುಗಳ ನಡುವೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸುಮಾರು 190 ಕಿಲೋಮೀಟರ್. ಬೆಳಿಗ್ಗೆ ಆಗುಂಬೆಯಲ್ಲಿ ಕಾಫಿ ಕುಡಿದು ಹೊರಟವರು ತೀರ್ಥಹಳ್ಳಿ, ಶಿವಮೊಗ್ಗ, ಚಿತ್ರದುರ್ಗ ದಾಟಿ ಬೆಳಕಿರುವಾಗಲೇ ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಬಹುದು. ಬಸ್ಸು ಬದಲಾಗುತ್ತದೆ, ಭಾಷೆ ಬದಲಾಗುವುದಿಲ್ಲ. ಮುಂಗಾರು ಕೂಡ ಇಬ್ಬರಿಗೂ ಒಂದೇ, ಅದೇ ಅರಬ್ಬಿ ಸಮುದ್ರದ ಗಾಳಿ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಆಗುಂಬೆಯಲ್ಲಿ 4,508 ಮಿ.ಮೀ. ಮಳೆ ದಾಖಲಾಯಿತು. ದಿನಕ್ಕೆ ಸರಾಸರಿ 145 ಮಿ.ಮೀ. ಚಳ್ಳಕೆರೆಯ ಒಂದು ವರ್ಷದ ಮಳೆ ಆಗುಂಬೆಗೆ ಮೂರೂವರೆ ದಿನದಲ್ಲಿ ಬಂದಂತಾಯಿತು. ತಿಂಗಳು ಮುಗಿಯುವಷ್ಟರಲ್ಲಿ ಒಂಬತ್ತು ವರ್ಷದ್ದು.

ಮಳೆಯ ಇಂಥ ಇಳಿಜಾರು ಲೋಕದಲ್ಲಿ ಎಲ್ಲೆಡೆ ಸಿಗುವುದಿಲ್ಲ. ಆಫ್ರಿಕಾದಲ್ಲಿ ದಟ್ಟ ಮಳೆಕಾಡಿನಿಂದ ಸಹೇಲ್‌ನ ಮುಳ್ಳುಬಯಲಿಗೆ ಹೋಗಬೇಕೆಂದರೆ ಕ್ಯಾಮರೂನಿನ ಕರಾವಳಿಯ ಡೌಆಲಾ ನಗರದಿಂದ ಹೊರಟು ಚಾಡ್ ದೇಶದ ರಾಜಧಾನಿ ಎನ್‌ಜಮೇನಾ ತನಕ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಬೇಕು. ಡೌಆಲಾದ ಮಳೆಯಾದರೂ ಎಷ್ಟು? ಹೆಚ್ಚುಕಡಿಮೆ ಆಗುಂಬೆಯ ಅರ್ಧ. ಒಂದು ಖಂಡ ಎರಡು ದೇಶಗಳ ಉದ್ದಕ್ಕೆ ಹಾಸಿಕೊಂಡ ಜೀವಲೋಕಗಳನ್ನು ನಮ್ಮ ನೆಲ ಒಂದು ಹಗಲಿನ ಪ್ರಯಾಣಕ್ಕೆ ಮಡಚಿಟ್ಟಿದೆ. ಮಡಿಕೆ ಬಿದ್ದಿರುವುದು ಘಟ್ಟದ ಅಂಚಿನಲ್ಲಿ.

ಆ ಅಂಚು ಅಷ್ಟೇನೂ ಎತ್ತರದ್ದಲ್ಲ ಎಂಬುದೇ ನನಗೆ ಹೆಚ್ಚಿನ ಬೆರಗು. ಆಗುಂಬೆ ಇರುವುದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲೆ. ಸೋಮೇಶ್ವರದಿಂದ ಹದಿನಾಲ್ಕು ತಿರುವು ಹತ್ತಿದರೆ ಬಂತು. ಹಿಮಾಲಯದ ಎದುರು ಇದು ಹೊಸ್ತಿಲು. ಆದರೆ 1,600 ಕಿಲೋಮೀಟರ್ ಉದ್ದದ ಹೊಸ್ತಿಲು. ಸಮುದ್ರದಿಂದ ಬರುವ ಗಾಳಿಗೆ ಪಕ್ಕಕ್ಕೆ ಸರಿಯಲು ದಾರಿಯಿಲ್ಲ, ಮೇಲೇರಬೇಕು. ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ತಣ್ಣಗಾಗುತ್ತದೆ, ತಣ್ಣಗಾದದ್ದಕ್ಕೆ ನೀರು ಹೊರುವ ಶಕ್ತಿ ಉಡುಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹೊರಬಲ್ಲದು. 20 ಡಿಗ್ರಿಗೆ ಇಳಿದರೆ 17 ಗ್ರಾಂ ಮಾತ್ರ. ಮಿಕ್ಕ 13 ಗ್ರಾಂ ಇಳಿಸಲೇಬೇಕು. ಹದಿಮೂರು ಗ್ರಾಂ ಎಂದರೆ ಎರಡೂವರೆ ಚಮಚ, ಏನು ಮಹಾ ಅನ್ನಿಸೀತು. ಒಂದು ಘನ ಕಿಲೋಮೀಟರ್ ಗಾಳಿಗೆ ಲೆಕ್ಕ ಹಾಕಿ: 1 ಕೋಟಿ 30 ಲಕ್ಷ ಲೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲೂ ರಾತ್ರಿ ಅಂಥ ಗಾಳಿ ಒಂದರ ಹಿಂದೊಂದು ಬಂದು ಘಟ್ಟಕ್ಕೆ ಸುಂಕ ಕಟ್ಟುತ್ತದೆ. ದಾಟಿದ ಮೇಲೆ ಅದರ ಚೀಲ ಬಹುಪಾಲು ಖಾಲಿ. ಇಳಿಯುತ್ತ ಅದು ಮತ್ತೆ ಬಿಸಿಯಾಗುತ್ತದೆ, ಉಳಿದ ಮೋಡವೂ ಕರಗುತ್ತದೆ. ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಮಳೆ 3,000 ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ, ಶಿವಮೊಗ್ಗಕ್ಕೆ ಸಾವಿರದ ಆಸುಪಾಸಿಗೆ. ಆಗುಂಬೆಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಎರಡು–ಎರಡೂವರೆ ಗಂಟೆ. ಆ ಹೊತ್ತಿನಲ್ಲಿ ಏಳು ಪಾಲು ಮಳೆಯಲ್ಲಿ ಆರು ಪಾಲು ಕಳೆದುಹೋಗಿರುತ್ತದೆ.

ಕನ್ನಡ ಈ ಇಳಿಜಾರಿಗೆ ಬಲು ಹಿಂದೆಯೇ ಹೆಸರಿಟ್ಟಿದೆ. ಮಲೆನಾಡು, ಅರೆಮಲೆನಾಡು, ಬಯಲುಸೀಮೆ. ಅಷ್ಟಕ್ಕೇ ನಿಲ್ಲಲಿಲ್ಲ: ಹಸಿರು ಎಂದೂ ಬಿಡದ ದಟ್ಟ ಕಾಡು ಕಾನು, ಹುಲ್ಲು ಬಿಟ್ಟ ಇಳಿಜಾರು ಬ್ಯಾಣ, ದನ ಮೇಯುವ ಬಯಲು ಕಾವಲು. ಭೂಗೋಳದ ಪುಸ್ತಕಗಳು ಜೀವವಲಯ ಎಂದು ಕರೆಯುವುದನ್ನು ನಮ್ಮ ರೈತರು ಕಂದಾಯದ ಕಾಗದದಲ್ಲೇ ಬರೆಸಿದ್ದರು. ಯೂರೋಪಿನಲ್ಲಿ ಇದನ್ನು ಲೆಕ್ಕಕ್ಕೆ ಇಳಿಸಿದವರಲ್ಲಿ ವ್ಲಾದಿಮಿರ್ ಕೊಪ್ಪೆನ್ ದೊಡ್ಡ ಹೆಸರು. ಓದುವ ದಿನಗಳಲ್ಲಿ ಆತ ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಕ್ರೈಮಿಯಾ ನಡುವೆ ಪ್ರಯಾಣ ಮಾಡುವಾಗ ಹೊರಗಿನ ಗಿಡಮರಗಳು ಬದಲಾಗುತ್ತ ಹೋಗುವುದನ್ನು ಗಮನಿಸುತ್ತಿದ್ದ. 1884ರಲ್ಲಿ ಲೋಕದ ಶಾಖವಲಯಗಳ ನಕ್ಷೆ ಬರೆದ. ಮುಂದೆ ಗಿಡಗಳನ್ನೇ ಸಾಕ್ಷಿಯಾಗಿ ಹಿಡಿದು ಹವಾಮಾನವನ್ನು ವಿಂಗಡಿಸಿದ. ಗಿಡ ಒಂದು ದಿನದ ಮಳೆ ನೋಡಿ ಬೆಳೆಯುವುದಿಲ್ಲ, ನೂರಾರು ವರ್ಷಗಳ ಮಳೆಯ ಸರಾಸರಿ ಅದರ ಮೈಯಲ್ಲಿರುತ್ತದೆ ಎಂಬುದು ಅವನ ನಂಬಿಕೆ. ಆಗುಂಬೆ–ಚಳ್ಳಕೆರೆ ಬಸ್ಸಿನ ಕಿಟಕಿ ಪಕ್ಕ ಕೂತ ಯಾರಿಗೂ ಅದನ್ನು ಒಪ್ಪಿಸುವ ಅಗತ್ಯ ಬೀಳದು.

ಮೊದಲು ಕಾನಿನೊಳಗೆ ಹೋಗೋಣ. ಸಿದ್ದಾಪುರದ ಕಡೆ ಒಂದು ಕಾಡಿಗೆ ಕತ್ತಲೆಕಾನು ಎಂದೇ ಹೆಸರು, ಮತ್ತು ಆ ಹೆಸರಿನಲ್ಲಿ ಉತ್ಪ್ರೇಕ್ಷೆ ಇಲ್ಲ. ಧೂಪ, ನಾಗಸಂಪಿಗೆ, ಸುರಹೊನ್ನೆ, ರಾಮಪತ್ರೆ ಮರಗಳು ನೆತ್ತಿಯ ಮೇಲೆ ಕೊಡೆ ಹೆಣೆದು ನಿಂತರೆ ಬಿಸಿಲಿನ ನೂರು ಪಾಲಿನಲ್ಲಿ ಒಂದೆರಡು ಪಾಲು ಮಾತ್ರ ನೆಲ ಮುಟ್ಟುತ್ತದೆ. ನೀರಿಗೆ ಇಲ್ಲಿ ಬರವಿಲ್ಲ, ಆದ್ದರಿಂದ ಜಗಳವೆಲ್ಲ ಬೆಳಕಿಗಾಗಿ. ಧೂಪದ ಮರ 40 ಮೀಟರ್ ಏರುತ್ತದೆ. ಹದಿಮೂರು ಅಂತಸ್ತಿನ ಕಟ್ಟಡ. ಎಲೆಗಳ ತುದಿ ಬಾಲದಂತೆ ಚೂಪಾಗಿ ಇಳಿದಿರುತ್ತದೆ, ಬಿದ್ದ ನೀರು ನಿಲ್ಲದೆ ಜಾರಲಿ ಎಂದು. ಬೇರು ನೀರನ್ನು ಹುಡುಕಿಕೊಂಡು ಆಳಕ್ಕೆ ಹೋಗುವ ಬದಲು ಬುಡದ ಸುತ್ತ ಹಲಗೆಯಂತೆ ಎದ್ದು ಮರವನ್ನು ಬೀಳದಂತೆ ಆತುಕೊಳ್ಳುತ್ತದೆ. ರಾಮಪತ್ರೆ ಬೆಳೆಯುವ ಜೌಗು ಜಡ್ಡಿಗಳಲ್ಲಂತೂ ಬೇರಿಗೆ ನೀರು ಹೆಚ್ಚಾಗಿ ಉಸಿರು ಕಟ್ಟುತ್ತದೆ. ಅದು ಕೆಸರಿನಿಂದ ಮೊಣಕಾಲು ಮಡಿಸಿದಂತೆ ಮೇಲೆದ್ದು ಗಾಳಿ ತೆಗೆದುಕೊಳ್ಳುತ್ತದೆ. ಇತ್ತ ಒಂದು ದೊಡ್ಡ ಮರ ದಿನಕ್ಕೆ ನೂರಾರು ಲೀಟರ್ ನೀರನ್ನು ಎಲೆಯ ಮೂಲಕ ಗಾಳಿಗೆ ಬಿಡುತ್ತದೆ. ದುಂದು ಎನ್ನಿಸುವ ಈ ಖರ್ಚು ಇಲ್ಲಿ ಆ ಮರಕ್ಕೆ ಕೈಗೆಟುಕುವಂಥದ್ದು.

ಮರಕ್ಕೆ ಮರ ತಾಗಿ ನಿಂತ ಕಡೆ ನೆಲಕ್ಕೆ ಇಳಿಯುವುದೇ ಅನಗತ್ಯ. ಹಾಗಾಗಿ ಮಲೆನಾಡಿನಲ್ಲಿ ರೆಕ್ಕೆಯಿಲ್ಲದವೂ ತೇಲಲು ಕಲಿತಿವೆ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆಲ್ಲ ಹಾರುವ ಓತಿ ಗೊತ್ತು. ಬಾಲ ಸೇರಿ ಒಂದು ಗೇಣು ಉದ್ದದ ಪ್ರಾಣಿ, ಪಕ್ಕೆಲುಬುಗಳನ್ನು ಚಾಚಿ ಚರ್ಮದ ಕೊಡೆ ಬಿಚ್ಚುತ್ತದೆ. ಅದೇ ಕಾಡಿನಲ್ಲಿ ಹಾರುವ ಅಳಿಲಿದೆ, ಪಕ್ಕೆ ಚಪ್ಪಟೆ ಮಾಡಿಕೊಂಡು ಕೊಂಬೆಯಿಂದ ಕೊಂಬೆಗೆ ಜಾರುವ ಹಾರುವ ಹಾವಿದೆ, ಬೆರಳುಗಳ ನಡುವಿನ ಪೊರೆ ಅರಳಿಸಿ ಇಳಿಯುವ ಹಾರುವ ಕಪ್ಪೆಯಿದೆ. ಓತಿ, ಅಳಿಲು, ಹಾವು, ಕಪ್ಪೆ. ನಾಲ್ಕು ಬೇರೆ ಬೇರೆ ವಂಶ, ಒಂದಕ್ಕೊಂದು ಕೇಳದೆ ಒಂದೇ ಉತ್ತರ. ಸಿಂಗಳೀಕ ತೇಲುವುದಿಲ್ಲ, ಆದರೆ ಬದುಕನ್ನೆಲ್ಲ ಹೆಚ್ಚುಕಡಿಮೆ ಮರದ ಮೇಲೆಯೇ ಕಳೆಯುತ್ತದೆ. ಅದಕ್ಕೆ ವರ್ಷವಿಡೀ ಒಂದಲ್ಲ ಒಂದು ಮರದಲ್ಲಿ ಹಣ್ಣು ಬೇಕು. ಘಟ್ಟದುದ್ದಕ್ಕೂ ಉತ್ತರಕ್ಕೆ ಹೋದಂತೆ ಮಳೆಯ ಪ್ರಮಾಣ ಹೆಚ್ಚೇ ಇದ್ದರೂ ಮಳೆಯಿಲ್ಲದ ತಿಂಗಳುಗಳು ಬೆಳೆಯುತ್ತವೆ. ಕೇರಳದ ದಕ್ಷಿಣದಲ್ಲಿ ಎರಡು–ಮೂರು, ಮಹಾರಾಷ್ಟ್ರದಲ್ಲಿ ಏಳೆಂಟು. ಶರಾವತಿ, ಅಘನಾಶಿನಿ ಕಣಿವೆಗಳ ಆಚೆ ಸಿಂಗಳೀಕದ ಗುಂಪು ಕಾಣುವುದು ಬಲು ಅಪರೂಪ. ಮಿಲಿಮೀಟರ್ ಜೊತೆಗೆ ತಿಂಗಳನ್ನೂ ಎಣಿಸಬೇಕು ಎಂದು ಆ ಕೋತಿ ಹೇಳಿಕೊಡುತ್ತದೆ.

ಕಾಳಿಂಗನ ವಿಷಯ ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಲೋಕದ ಹಾವುಗಳಲ್ಲಿ ಎಲೆ ಗುಡ್ಡೆ ಹಾಕಿ ಗೂಡು ಕಟ್ಟುವುದು ಕಾಳಿಂಗ ಸರ್ಪ ಮಾತ್ರ. ಕೈಯಿಲ್ಲ, ಕಾಲಿಲ್ಲ, ಮೈ ಬಳಸಿ ಬಳಸಿ ಒಣಗಿದ ತರಗೆಲೆ ಒಟ್ಟುಮಾಡುತ್ತದೆ. ಮಳೆಗಾಲಕ್ಕೆ ಮೊದಲು ಕಟ್ಟಿದ ಆ ಗೂಡಿನೊಳಗೆ ಇಪ್ಪತ್ತು–ನಲವತ್ತು ಮೊಟ್ಟೆ. ಮರಿ ಹೊರಬರುವ ಹೊತ್ತಿಗೆ ಹೊರಗೆ ಆಗುಂಬೆಯ ಮಳೆ ಸುರಿಯುತ್ತಿರುತ್ತದೆ. ಒತ್ತಾಗಿ ಪದರ ಪದರವಾಗಿ ಕೂತ ಎಲೆ ಹುಲ್ಲಿನ ಮಾಡಿನಂತೆ ನೀರನ್ನು ಹೊರಕ್ಕೆ ಜಾರಿಸುತ್ತದೆ, ಒಳಗೆ ಬೆಚ್ಚಗಿರುತ್ತದೆ. ಆಗುಂಬೆಯಲ್ಲಿ 2005ರಲ್ಲಿ ಉರಗತಜ್ಞ ರೋಮುಲಸ್ ವಿಟೇಕರ್ ಮಳೆಕಾಡಿನ ಅಧ್ಯಯನ ಕೇಂದ್ರ ಕಟ್ಟಿದ ಮೇಲೆ ಈ ಹಾವಿನ ಬದುಕು ಬಹಳಷ್ಟು ತಿಳಿಯಿತು. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ಬೇರೆಯೇ ಪ್ರಭೇದ ಎಂದು ಗುರುತಿಸಿದಾಗ ಅದಕ್ಕೆ ಇಟ್ಟ ವೈಜ್ಞಾನಿಕ ಹೆಸರು ‘ಓಫಿಯೊಫೇಗಸ್ ಕಾಳಿಂಗ’. ನಮ್ಮ ಮಾತೇ ಲೋಕದ ಪಟ್ಟಿಗೆ ಸೇರಿತು.

ಬಸ್ಸು ತೀರ್ಥಹಳ್ಳಿ ದಾಟಿ ಶಿವಮೊಗ್ಗದ ಕಡೆ ತಿರುಗಿದ ಮೇಲೆ ತೇಗ, ಮತ್ತಿ, ನಂದಿ, ಹೊನ್ನೆ. ಮಾರ್ಚ್‌ನಲ್ಲಿ ಹೋದರೆ ಕಾಡು ಬೋಳು. ಎಲೆ ಉದುರಿಸುವುದನ್ನು ಸೊರಗು ಎಂದುಕೊಳ್ಳುವುದು ತಪ್ಪು, ಅದು ಉಳಿತಾಯ. ಎಲೆಯ ಒಂದು ಚದರ ಮಿಲಿಮೀಟರಿನಲ್ಲಿ ನೂರಾರು ಕಣ್ಣಿಗೆ ಕಾಣದ ಬಾಯಿಗಳಿರುತ್ತವೆ. ನೂರೇ ಎಂದು ಹಿಡಿದರೂ ಮೊರದಗಲದ ಒಂದು ತೇಗದೆಲೆಯಲ್ಲಿ 40 ಲಕ್ಷ ಬಾಯಿ. ಪ್ರತಿಯೊಂದರಿಂದಲೂ ನೀರು ಆವಿಯಾಗಿ ಸೋರುತ್ತದೆ. ಮಳೆ ನಾಲ್ಕೈದು ತಿಂಗಳಿಗೆ ನಿಲ್ಲುವ ಊರಿನಲ್ಲಿ ಅಷ್ಟೂ ಬಾಯಿಗಳನ್ನು ಒಟ್ಟಿಗೆ ಮುಚ್ಚಲು ಇರುವ ಸುಲಭ ದಾರಿ ಎಲೆಯನ್ನೇ ಕೆಳಗೆ ಹಾಕುವುದು. ಮತ್ತಿಯ ಮರ ಇನ್ನೂ ಒಂದು ಹೆಜ್ಜೆ ಮುಂದೆ. ಕಾಂಡದಲ್ಲಿ ನೀರು ಕೂಡಿಡುತ್ತದೆ, ಬೇಸಿಗೆಯಲ್ಲಿ ತೊಗಟೆಯ ಉಬ್ಬು ಕೊಚ್ಚಿ ಕಾಡಿನ ಜನ ಅದರಿಂದ ಬಾಯಾರಿಕೆ ತೀರಿಸಿಕೊಳ್ಳುತ್ತಿದ್ದರು. ಕಾಡು ಬೋಳಾದಾಗ ಬೆಳಕು ಕೆಳಗಿಳಿಯುತ್ತದೆ, ಹುಲ್ಲು ಬರುತ್ತದೆ, ಹುಲ್ಲಿನ ಹಿಂದೆ ಕಾಟಿ, ಜಿಂಕೆ, ಆನೆ. ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಡುವ ಆನೆಗೆ ಕತ್ತಲೆಕಾನಿಗಿಂತ ಭದ್ರಾ ಅಭಯಾರಣ್ಯದಂಥ ಈ ಎಲೆಯುದುರುವ ಕಾಡು ಹೆಚ್ಚು ಒಗ್ಗುತ್ತದೆ.

ಚಿತ್ರದುರ್ಗಕ್ಕೆ ಬರುವಾಗ ಒಂದು ಪ್ರಶ್ನೆ ಎದುರಾಗಬೇಕು. ಇಲ್ಲಿನ ಮಳೆ ವರ್ಷಕ್ಕೆ 600 ಮಿ.ಮೀ. ಹತ್ತಿರ. ಲಂಡನ್ನಿನ ಮಳೆಯೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಓಕ್ ಮರಗಳು, ಹಸಿರು ಹಾಸು. ಇಲ್ಲಿ ಬಂಡೆ, ಜಾಲಿ, ಕಗ್ಗಲಿ. ಹಾಗಾದರೆ ಮಳೆ ಎಲ್ಲ ತೀರ್ಮಾನಿಸುತ್ತದೆ ಎಂದದ್ದು ಎಲ್ಲಿಗೆ ಹೋಯಿತು? ಉತ್ತರ ಬಿಸಿಲಿನಲ್ಲಿದೆ. ಲಂಡನ್ನಿನ ತಂಪು ಗಾಳಿ ನೆಲದಿಂದ ಹಿಂದಕ್ಕೆ ಕೇಳುವ ನೀರು ಸುಮಾರಾಗಿ ಬಿದ್ದ ಮಳೆಯಷ್ಟೇ. ನಮ್ಮ ಬಯಲಿನ ಬಿಸಿಲು ಕೇಳುವುದು ವರ್ಷಕ್ಕೆ 1,500 ಮಿ.ಮೀ.ಗೂ ಹೆಚ್ಚು. 600 ಕೊಟ್ಟು 1,500 ಸಾಲ ವಸೂಲಿಗೆ ನಿಂತ ಆಕಾಶದ ಕೆಳಗೆ ಬದುಕುವ ಗಿಡ ನೀರನ್ನು ಚಮಚದಲ್ಲಿ ಅಳೆದೇ ಬದುಕಬೇಕು.

ಆ ಅಳತೆಯ ಅಂಕಿಗಳು ನನಗೆ ಆಗುಂಬೆಯ ಟ್ಯಾಂಕರ್‌ಗಳಿಗಿಂತ ಹೆಚ್ಚು ಬೆರಗು ಹುಟ್ಟಿಸುತ್ತವೆ. ಗಿಡ ಬೆಳೆಯಲು ಗಾಳಿ ಒಳಗೆ ಬರಬೇಕು, ಅದಕ್ಕಾಗಿ ಎಲೆಯ ಬಾಯಿ ತೆರೆದಾಗಲೆಲ್ಲ ನೀರು ಹೊರಗೆ ಹೋಗುತ್ತದೆ. ಭತ್ತದಂಥ ಗಿಡ ಒಂದು ಗ್ರಾಂ ಒಣ ಒಡಲು ಕಟ್ಟಿಕೊಳ್ಳಲು ಸುಮಾರು 400ರಿಂದ 500 ಗ್ರಾಂ ನೀರು ಕಳೆಯುತ್ತದೆ. ರಾಗಿ, ಜೋಳ ಮತ್ತು ಬಯಲಿನ ಹೆಚ್ಚಿನ ಹುಲ್ಲುಗಳು ಇಂಗಾಲವನ್ನು ಎಲೆಯೊಳಗೆ ಒತ್ತಿ ಕೂಡಿಸುವ ಬೇರೆಯೇ ಯಂತ್ರ ಇಟ್ಟುಕೊಂಡಿವೆ. ಬಾಯಿ ಅರೆತೆರೆದರೆ ಸಾಕು, 250ರಿಂದ 300 ಗ್ರಾಂನಲ್ಲಿ ಅದೇ ಕೆಲಸ. ಕಳ್ಳಿ ಗುಂಪಿನದು 50ರಿಂದ 100. ಅದು ಹಗಲೆಲ್ಲ ಬಾಯಿ ಬಿಗಿದು ಕೂತು ರಾತ್ರಿ ತಂಪಿನಲ್ಲಿ ಮಾತ್ರ ಉಸಿರಾಡುತ್ತದೆ, ಎಳೆದುಕೊಂಡ ಗಾಳಿಯನ್ನು ಆಮ್ಲವಾಗಿ ಬಚ್ಚಿಟ್ಟು ಮರುದಿನ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಮಲೆನಾಡಿನವರ ತಟ್ಟೆಯಲ್ಲಿ ಅನ್ನ, ಬಯಲುಸೀಮೆಯವರ ತಟ್ಟೆಯಲ್ಲಿ ಮುದ್ದೆ, ರೊಟ್ಟಿ ಏಕೆ ಬಂದವು ಎಂಬುದಕ್ಕೆ ಈ ಮೂರು ಅಂಕಿಗಳಲ್ಲಿ ಅರ್ಧ ಉತ್ತರವಿದೆ. ರಾಗಿಯ ಆ ಯಂತ್ರವನ್ನು ಸಸ್ಯಲೋಕ ಒಮ್ಮೆ ಕಂಡುಹಿಡಿದು ಹಂಚಿಕೊಂಡದ್ದಲ್ಲ. ಬೇರೆ ಬೇರೆ ವಂಶಗಳು 60ಕ್ಕೂ ಹೆಚ್ಚು ಬಾರಿ ತಾವಾಗಿಯೇ ಕಂಡುಕೊಂಡಿವೆ.

ಚಿತ್ರದುರ್ಗದ ಕೋಟೆಯ ಬಂಡೆಗಳ ನಡುವೆ ಬೆಳೆಯುವ ಕಳ್ಳಿಯನ್ನು ಮುರಿದರೆ ಬಿಳಿ ಹಾಲು ಬರುತ್ತದೆ. ಅಮೆರಿಕ ಖಂಡದಿಂದ ಬಂದ ಪಾಪಾಸುಕಳ್ಳಿಯನ್ನು ಮುರಿದರೆ ಹಾಲಿಲ್ಲ, ಬರೀ ಲೋಳೆ. ಹಾಲಿರುವುದು ಹರಳು ಗಿಡದ ಸಂಬಂಧಿ, ಲೋಳೆಯದ್ದಕ್ಕೂ ಅದಕ್ಕೂ ರಕ್ತಸಂಬಂಧ ಬಲು ದೂರ. ನಡುವೆ ಸಾಗರಗಳಿದ್ದವು. ಆದರೂ ಎರಡೂ ಎಲೆಯನ್ನು ಬಿಟ್ಟುಕೊಟ್ಟು ಮುಳ್ಳು ಹಿಡಿದವು, ಕಾಂಡವನ್ನೇ ಹಸಿರು ಮಾಡಿಕೊಂಡು ಅದರಲ್ಲೇ ನೀರು ತುಂಬಿಕೊಂಡವು, ರಾತ್ರಿ ಉಸಿರಾಡಲು ಕಲಿತವು. ನಮ್ಮ ಹಿರಿಯರು ಎರಡನ್ನೂ ಕಳ್ಳಿ ಎಂದರು. ಬಿಸಿಲು ಕೆತ್ತಿದ ಆಕಾರಕ್ಕೆ ಅವರು ಇಟ್ಟ ಹೆಸರು ಅದು.

ಇನ್ನು ಚಳ್ಳಕೆರೆಯ ಕಾವಲು. ಕಣ್ಣು ಹಾಯುವಷ್ಟೂ ಹುಲ್ಲು, ಅಲ್ಲೊಂದು ಇಲ್ಲೊಂದು ಬೋರೆ ಪೊದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳು ಮೇದ ನೆಲ. ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳು ಅವನ್ನು ಕಾಯುವ ಕಿಲಾರಿಗಳ ಹಿಂದೆ ಈಗಲೂ ಇಂಥ ಬಯಲುಗಳಲ್ಲಿ ಓಡಾಡುತ್ತವೆ. ಇಲ್ಲಿ ತೇಲಲು ಮರವಿಲ್ಲ, ಅಡಗಲು ಕತ್ತಲೆಯಿಲ್ಲ. ನೋಡುವುದು, ಓಡುವುದು ಇವೆರಡೇ ವಿದ್ಯೆ. ಬಯಲುನಾಡಿನ ಕೃಷ್ಣಮೃಗ ಗಂಟೆಗೆ 80 ಕಿಲೋಮೀಟರ್ ವೇಗ ಮುಟ್ಟುತ್ತದೆ, ತೋಳ ಅಷ್ಟು ವೇಗವಿಲ್ಲದಿದ್ದರೂ ದಣಿಯದೆ ಬೆನ್ನು ಹತ್ತುತ್ತದೆ. ಜಗಳೂರಿನ ರಂಗಯ್ಯನದುರ್ಗದ ಕುರುಚಲಿನಲ್ಲಿ ಕೊಂಡುಕುರಿ ಇದೆ, ನಾಲ್ಕು ಕೊಂಬಿನ ಕಾಡುಪ್ರಾಣಿ ಲೋಕದಲ್ಲಿ ಅದೊಂದೇ. ಚಿಂಕಾರ ದಿನಗಟ್ಟಲೆ ನೀರು ಕುಡಿಯದೆ ಎಲೆಯ ರಸ, ಇಬ್ಬನಿಯಲ್ಲೇ ತಳ್ಳುತ್ತದೆ. ನೆಲಗುಬ್ಬಿಗೆ ಹಾಡಲು ಕೊಂಬೆಯಿಲ್ಲ, ಹಾಗಾಗಿ ನೆಟ್ಟಗೆ ಆಕಾಶಕ್ಕೆ ಏರಿ ಅಲ್ಲೇ ರೆಕ್ಕೆ ಬಡಿಯುತ್ತ ಹಾಡುತ್ತದೆ. ಮತ್ತು ಎರೆಭೂತ. ಗಂಡು 15 ಕಿಲೋ ತೂಗಬಲ್ಲದು, ಹಾರುವ ಹಕ್ಕಿಗಳಲ್ಲೇ ಅತಿ ಭಾರದ್ದರಲ್ಲೊಂದು. ಹೆಣ್ಣು ಬಟಾಬಯಲಿನಲ್ಲಿ, ಬರೀ ನೆಲದ ಮೇಲೆ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ಈಗ ಇಡೀ ಲೋಕದಲ್ಲಿ ಕಾಡಿನಲ್ಲಿ ಉಳಿದಿರುವುದು 200ಕ್ಕೂ ಕಡಿಮೆ. ನಮ್ಮ ಪಾಲಿಗೆ ಸಿರುಗುಪ್ಪದ ಕಡೆ ಬೆರಳೆಣಿಕೆ.

ಕಂದಾಯದ ಭಾಷೆಯಲ್ಲಿ ಇಂಥ ನೆಲಕ್ಕೆ ಖರಾಬು ಎನ್ನುವ ರೂಢಿ ಬಂದದ್ದು ನನಗೆ ನೋವಿನ ಸಂಗತಿ. ಮರವಿಲ್ಲದ್ದನ್ನು ಖಾಲಿ ಎಂದುಕೊಂಡು ಕಳೆದ ಎರಡು ದಶಕಗಳಲ್ಲಿ ಚಳ್ಳಕೆರೆಯ ಕಾವಲುಗಳ ಸಾವಿರಾರು ಎಕರೆ ಬೇರೆ ಬೇರೆ ಯೋಜನೆಗಳಿಗೆ ಹಂಚಿಹೋಯಿತು. ಗಿಡ ನೆಟ್ಟು ‘ಹಸಿರು’ ಮಾಡುವವರೂ ಬರುತ್ತಾರೆ. ಒಂಬತ್ತು ಟ್ಯಾಂಕರ್‌ನ ನೆಲದಲ್ಲಿ ನೂರಮೂವತ್ತು ಟ್ಯಾಂಕರ್‌ನ ಕಾಡು ಬೆಳೆಸಲು ಹೊರಟರೆ ಹುಲ್ಲೂ ಹೋಗುತ್ತದೆ, ಕಾಡೂ ಬರುವುದಿಲ್ಲ. ಕುದುರೆಮುಖದಲ್ಲಿ ಏಳು ಸಾವಿರ ಮಿ.ಮೀ. ಸುತ್ತಮುತ್ತ ಮಳೆ ಬಿದ್ದರೂ ಗಾಳಿಗೆ ಮೈಯೊಡ್ಡಿದ, ಮಣ್ಣು ತೆಳುವಾದ ಬೆಟ್ಟದ ನೆತ್ತಿ ಹುಲ್ಲಾಗಿಯೇ ಉಳಿದು ಮರಗಳೆಲ್ಲ ಕಣಿವೆಯ ಶೋಲಾ ಕಾಡಿಗೆ ಇಳಿದಿವೆ. ಅದನ್ನು ನೋಡಿದವರಾದರೂ ಹುಲ್ಲನ್ನು ಕಾಡಿನ ಕೊರತೆ ಎನ್ನಲಾರರು.

ಬಯಲಿನ ಮಳೆಯ ಗುಣವನ್ನು ಸರಾಸರಿಯಲ್ಲಿ ಹಿಡಿಯುವುದೂ ಕಷ್ಟ. ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಕಟ್ಟಿ ಮುಗಿದದ್ದು 1907ರಲ್ಲಿ. ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಕಾಣಲು 2022 ಬರಬೇಕಾಯಿತು, 89 ವರ್ಷ. ಮೊದಲ ಕೋಡಿ ನೋಡಿದ ಮಗು ಮುದುಕಿಯಾಗಿ ಮೊಮ್ಮಕ್ಕಳ ಕೈ ಹಿಡಿದು ಎರಡನೆಯದನ್ನು ನೋಡಬೇಕಾದ ಅಂತರ. ಮೂರನೆಯದಕ್ಕೆ ಅಷ್ಟು ಕಾಯಲಿಲ್ಲ, 2025ರ ಜನವರಿಯಲ್ಲೇ ಆಯಿತು. ಇಂಥ ಆಕಾಶದ ಕೆಳಗೆ ಹುಲ್ಲಿನ ಬೀಜ ಬಿಸಿ ಮಣ್ಣಿನಲ್ಲಿ ಕಾದು ಮಲಗಿರುತ್ತದೆ. ಒಂದು ಹದ ಮಳೆ ಬಿದ್ದರೆ ವಾರದೊಳಗೆ ಕೆಂಪು ನೆಲ ಹಸಿರು ಹೊದೆಯುತ್ತದೆ.

ಮಳೆ ತೀರಿ ಆ ಹುಲ್ಲು ಹೊಂಬಣ್ಣಕ್ಕೆ ತಿರುಗುವಾಗ ಉತ್ತರದಿಂದ ಸೆಳೆವಗಳು ಬರುತ್ತವೆ. ಗಿಡುಗದ ಬಳಗದ, ಉದ್ದ ರೆಕ್ಕೆಯ ತೆಳುಮೈ ಹಕ್ಕಿಗಳು. ಕಜಕಸ್ತಾನದ ಸ್ಟೆಪಿ ಬಯಲಿನಲ್ಲಿ ಮರಿ ಮಾಡಿ ಸಾವಿರಾರು ಕಿಲೋಮೀಟರ್ ಹಾರಿ ದಖ್ಖನ್ನಿನ ಹುಲ್ಲುಗಾವಲುಗಳಿಗೆ ಇಳಿಯುತ್ತವೆ. ಹುಲ್ಲಿನಿಂದ ಹೊರಟು ಹುಲ್ಲಿಗೇ ಬರುತ್ತವೆ. ಹಗಲೆಲ್ಲ ಮೊಣಕಾಲೆತ್ತರದಲ್ಲಿ ಮಿಡತೆ, ಇಲಿ ಹುಡುಕುತ್ತ ತೇಲಿ, ಸಂಜೆ ಒಂದೊಂದಾಗಿ ಬಂದು ಬಯಲಿನ ಮೇಲೆ ಸುತ್ತು ಹಾಕುತ್ತವೆ. ಮರ ಹುಡುಕುವುದಿಲ್ಲ. ಹೊತ್ತು ಮುಳುಗಿದ ಮೇಲೆ ಹುಲ್ಲಿನ ನಡುವೆ ಒಂದು ಗುಳಿ ಮೆಟ್ಟಿಕೊಂಡು, ನೆಲದ ಮೇಲೆಯೇ ಮಲಗುತ್ತವೆ.